ರೇವಮ್ಮ ಬಸ್ಸಿಗೆ ಹೊಡೆದದ್ದು

ನರೋಣಾದ ರೇವಮ್ಮನ ಕೈಯಿಂದ ಏಟು ತಿನ್ನದ ವಸ್ತು ಆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ನಾಲ್ಕು ವರ್ಷದ ಮೊಮ್ಮಗಳು ಐಶ್ವರ್ಯಾ ಹೊಸ್ತಿಲು ಎಡವಿ ಬಿದ್ದರೆ ಹೊಸ್ತಿಲಿಗೆ ಏಟು. ಕಂಬಕ್ಕೆ ಹಣೆ ತಾಗಿದರೆ ಕಂಬಕ್ಕೆ ಏಟು. ಒಮ್ಮೆ ಕೂಸಿನ ಕಾಲಿಗೆ ಬೀಸುವ ಕಲ್ಲು ತಾಗಿತೆಂದು ರೇವಮ್ಮ ಅದಕ್ಕೆ ಹೊಡೆದು, ತನ್ನ ಅಂಗೈಗೆ ಅರಿಶಿಣ ಕಟ್ಟಿಕೊಂಡು ತಿರುಗಿದ್ದುಂಟು.

"ನಮ್ಮ ಕೂಸಿಗೆ ಬಡೀತೀಯೇನ? ತಗೋ! ಇನ್ನೊಂದು ತಗೋ!" ಎಂದು ಆಕೆ ಕಂಬವನ್ನು ವಿಚಾರಿಸಿಕೊಳ್ಳುತ್ತಿದ್ದರೆ, ಕೂಸು ಅಳು ನಿಲ್ಲಿಸಿ ತಾನೂ ಒಂದು ಏಟು ಹಾಕಿ ಸಮಾಧಾನವಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಗುವವರು ನಗಲಿ. ಅಳುವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಲೆಯ ಮೇಲಿನ ರೊಟ್ಟಿ ತಿರುವಿದವರಿಗೆ ಗೊತ್ತು, ಅಳು ಹೇಗೆ ನಿಂತರೂ ಅದು ಪುಣ್ಯವೇ. ರೇವಮ್ಮ ಮಗ ಅನೀಲಕುಮಾರನನ್ನೂ ಹೀಗೆಯೇ ಬೆಳೆಸಿದ್ದಳು. ಅವನು ಈಗಲೂ ಮೋಟಾರ್ ಸೈಕಲ್ ಕೆಟ್ಟು ನಿಂತರೆ ಇಳಿದು ಅದರ ಸೀಟಿಗೆ ಗುದ್ದುತ್ತಾನೆ.

ಇಷ್ಟರಲ್ಲಿ ಆ ಮನೆಗೆ ಒಂದು ಹೊಸ ಕಾಲ ಬಂತು. ಸೊಸೆ ಜಯಮಾಲಾ ಮದುವೆಗೆ ಮುಂಚೆ ರಕ್ತಪರೀಕ್ಷೆಯ ಕೋರ್ಸು ಮುಗಿಸಿದ್ದವಳು. ಆಳಂದದ ಒಂದು ಲ್ಯಾಬಿನಲ್ಲಿ ಅವಳಿಗೆ ನೌಕರಿ ಸಿಕ್ಕಿತು. ರೇವಮ್ಮನ ಗಂಡ ಬಸವಂತರಾಯ ಕೇಳಿದವನೇ ಕೆಂಡವಾದ.

"ನಮ್ಮ ಮನಿ ಸೊಸಿ ಮಂದಿ ರಕ್ತ ಹೀರಾಕ ಆಳಂದಕ್ಕ ಹೋಗ್ತಾಳೇನ?"

ರೇವಮ್ಮ ವಾದಕ್ಕೆ ಇಳಿಯಲಿಲ್ಲ. ಮರುದಿನದಿಂದ ಗಂಡನ ತಾಟಿಗೆ ಮೆತ್ತನೆಯ ಬಿಸಿ ರೊಟ್ಟಿ ಬೀಳುವುದು ನಿಂತು, ಡಬ್ಬಿಯಲ್ಲಿದ್ದ ಕಡಕ್ ರೊಟ್ಟಿ ಬೀಳತೊಡಗಿತು. ಬಸವಂತರಾಯನ ಬಾಯಲ್ಲಿ ಉಳಿದಿದ್ದ ಹಲ್ಲುಗಳಿಗೆ ಒಂದಕ್ಕೊಂದು ಭೇಟಿಯಿರಲಿಲ್ಲ. ಒಂದು ವಾರ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ಉಂಡು, ಕಡೆಗೆ ಅವನೇ, "ಹೋಗ್ಲಿ ಬಿಡು, ನೌಕರಿ ಅಂದ್ರ ಏನು ಸಣ್ಣ ಮಾತಾ" ಎಂದ. ಸೊಸೆಯನ್ನು ಹೊರಗೆ ಕಳಿಸುವುದಕ್ಕೆ ಅತ್ತೆ ಇಷ್ಟೊಂದು ಹಟ ಹಿಡಿದದ್ದು ಯಾಕೆಂದು ಓಣಿಯವರಿಗೆ ಅರ್ಥವಾಗಲಿಲ್ಲ. ರೇವಮ್ಮ ಯಾರಿಗೂ ಹೇಳಲೂ ಇಲ್ಲ.

ಆದರೆ ಕೂಸು ತಾಯಿಯನ್ನು ಬಿಡಬೇಕಲ್ಲ! ಅದಕ್ಕೂ ರೇವಮ್ಮನ ಹತ್ತಿರ ಉಪಾಯವಿತ್ತು. ಎಂಟರ ಬಸ್ಸಿನ ಹೊತ್ತಿಗೆ ಐಶ್ವರ್ಯಾಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, "ಅಲ್ಲಿ ನೋಡು ಕಾಗಿ! ಇಲ್ಲಿ ನೋಡು ಅಳಿಲು!" ಎಂದು ತೋರಿಸುತ್ತಿದ್ದಳು. ಆ ಹೊತ್ತಿಗೆ ಜಯಮಾಲಾ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಕಳ್ಳಿಯ ಹಾಗೆ ಮುಂಬಾಗಿಲಿನಿಂದ ಪಾರಾಗುತ್ತಿದ್ದಳು. ಕೂಸು ಒಳಗೆ ಬಂದು ತಾಯಿಯನ್ನು ಹುಡುಕುತ್ತಿತ್ತು. ಮಂಚದ ಕೆಳಗೆ ಬಗ್ಗುತ್ತಿತ್ತು, ಜೋಳದ ಕಣಜದ ಹಿಂದೆ ಇಣುಕುತ್ತಿತ್ತು. ಅಳುತ್ತಿರಲಿಲ್ಲ. ಅಳದಿದ್ದುದು ನೋಡಿ ರೇವಮ್ಮ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು.

ಕೂಸು ಅಳಲಿಲ್ಲ ನಿಜ, ಕಚ್ಚತೊಡಗಿತು.

ಮೊದಲು ಅಂಗನವಾಡಿಯಲ್ಲಿ ಪಕ್ಕದಲ್ಲಿ ಕುಳಿತವರ ಕೈ, ಆಮೇಲೆ ಉಪ್ಪಿಟ್ಟು ಬಡಿಸುವ ಸಹಾಯಕಿಯ ಸೀರೆ, ಆಮೇಲೆ ತೂಕ ನೋಡಲು ಬಂದ ನರ್ಸಿನ ಬೆರಳು. "ತಾಯಿ ಸೂಜಿಲೆ ತೆಗೀತಾಳ, ಮಗಳು ಹಲ್ಲಿಲೆ ತೆಗೀತಾಳ. ಆ ಮನಿಯವರಿಗೆ ಮಂದಿ ರಕ್ತದ ಮ್ಯಾಲೇ ಕಣ್ಣು" ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಚೌಡಾಪುರದಲ್ಲಿ ಒಬ್ಬರು ತಾಯತ ಕಟ್ಟುತ್ತಾರೆಂದು ಒಬ್ಬಳು, ನಾಲಿಗೆಗೆ ಖಾರದ ಪುಡಿ ಹಚ್ಚಿರೆಂದು ಇನ್ನೊಬ್ಬಳು. ಕಡೆಗೊಂದು ದಿನ ಐಶ್ವರ್ಯಾ ಅಜೀಜಾಬಿಯ ಮೊಮ್ಮಗಳು ತಬಸ್ಸುಮಳ ತೋಳು ಕಚ್ಚಿದಳು. ಅದು ಬರೀ ಹಲ್ಲಿನ ಗುರುತಲ್ಲ, ಊದಿಕೊಂಡು ಹಣ್ಣಾದ ಅಂಜೂರದ ಹಾಗೆ ಕಾಣುತ್ತಿತ್ತು.

ಅಜೀಜಾಬಿ ರೇವಮ್ಮನ ಓರಗೆಯವಳು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ನರೋಣಾಕ್ಕೆ ಬಂದವರು, ಒಬ್ಬರ ಬಾಣಂತನಕ್ಕೆ ಒಬ್ಬರು ನೀರು ಕಾಯಿಸಿದವರು. ಅಂದು ಮೊಮ್ಮಗಳ ಕೈ ಹಿಡಿದುಕೊಂಡು ಅಂಗಳದಲ್ಲಿ ಬಂದು ನಿಂತಳು.

ಹೀಗೆ ಫಿರ್ಯಾದಿ ಬಂದಾಗ ಏನು ಮಾಡಬೇಕೆಂಬುದಕ್ಕೆ ನಮ್ಮ ಕಡೆ ಒಂದು ಕಟ್ಟಳೆಯಿದೆ. ಕೂಸಿನ ಮನೆಯವರು ಕೂಡಲೇ ತಮ್ಮ ಕೂಸಿನ ಮೇಲೆ ಕೈ ಎತ್ತಬೇಕು, ಓಣಿಗೆಲ್ಲ ಕೇಳುವ ಹಾಗೆ ಬೈಯಬೇಕು. ಆಗ ಫಿರ್ಯಾದಿ ತಂದವರು ಓಡಿ ಬಂದು ಆ ಕೈ ಹಿಡಿದು, "ಬಿಡ್ರಿ, ಸಣ್ಣ ಕೂಸು, ಅದಕ್ಕೇನು ತಿಳೀತದ" ಎನ್ನಬೇಕು. ಅಲ್ಲಿಗೆ ಎರಡೂ ಕಡೆಯ ಇಜ್ಜತ್ ಉಳಿಯುತ್ತದೆ, ಚಹಾ ಬರುತ್ತದೆ. ರೇವಮ್ಮ ಕಟ್ಟಳೆಯ ಪ್ರಕಾರ ಕೈ ಎತ್ತಿದಳು, ಬೈದಳು, ಓರೆಗಣ್ಣಿನಿಂದ ನೋಡಿದಳು. ಅಜೀಜಾಬಿ ಅಲುಗಲಿಲ್ಲ.

"ಹೊಡೀಬ್ಯಾಡ ರೇವಕ್ಕ. ನೀ ಹೊಡಿಯಂಗಿಲ್ಲಂತ ನನಗೂ ಗೊತ್ತದ, ನಿನಗೂ ಗೊತ್ತದ" ಎಂದಳು. "ಸೋಮವಾರ ತಾಯಂದಿರ ಸಭಾ ಅದ. ಅಲ್ಲೇ ಕೇಳ್ತೇನಿ. ಅಂಗನವಾಡ್ಯಾಗ ಒಂದು ನಿನ್ನ ಮೊಮ್ಮಗಳು ಇರ್ಬೇಕು, ಇಲ್ಲಾ ನನ್ನ ಮೊಮ್ಮಗಳು."

ಚಹಾ ಕುಡಿಯದೆ ಹೋದಳು. ರೇವಮ್ಮ ನಿಂತಲ್ಲೇ ಲೆಕ್ಕ ಹಾಕಿದಳು. ಕೂಸನ್ನು ಅಂಗನವಾಡಿಯಿಂದ ತೆಗೆದರೆ ಮಧ್ಯಾಹ್ನದವರೆಗೆ ನೋಡುವವರು ಯಾರು? ರೇವಮ್ಮನೇ ಹೊಲಕ್ಕೆ ಹೋಗದಿದ್ದರೆ ಆಳುಗಳು ಬದುವಿನ ಮೇಲೆ ನಿದ್ದೆ ಹೊಡೆಯುತ್ತಾರೆ. ಜಯಮಾಲಾ ನೌಕರಿ ಬಿಡಬೇಕಾಗುತ್ತದೆ. ಬಸವಂತರಾಯ ಮೀಸೆಯಡಿಯಲ್ಲೇ ನಗುತ್ತಾನೆ. ಕಡಕ್ ರೊಟ್ಟಿಯಿಂದ ಗೆದ್ದ ರಾಜ್ಯ ಕೂಸಿನ ಹಾಲುಹಲ್ಲಿಗೆ ಹೋಗುತ್ತದೆ.

ಸಂಜೆ ರೇವಮ್ಮ ಸೀದಾ ಅಂಗನವಾಡಿ ಟೀಚರ್ ಶಿವಕಾಂತಾಳ ಮನೆಗೆ ಹೋದಳು. ಶಿವಕಾಂತಾ ಈಚೆಗೆ ಯಾವುದೋ ತರಬೇತಿಗೆ ಹೋಗಿ ಬಂದಿದ್ದಳು. ಬಂದವಳು ಅಂಗನವಾಡಿಯ ಗೋಡೆಗೆ ನಾಲ್ಕು ಮುಖಗಳ ಚಿತ್ರ ಅಂಟಿಸಿ, ಖುಷಿ, ದುಃಖ, ಸಿಟ್ಟು, ಅಂಜಿಕೆ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಒಳಗೆ ಏನಾಗುತ್ತಿದೆಯೆಂದು ಬಾಯಲ್ಲಿ ಹೇಳಲು ಬಂದರೆ ಕೈ, ಕಾಲು, ಹಲ್ಲಿಗೆ ಕೆಲಸ ಕಮ್ಮಿಯಾಗುತ್ತದೆ ಎಂಬುದು ಅವಳ ಲೆಕ್ಕ. ರೇವಮ್ಮನಿಗೆ ಮಾತ್ರ ಅದು ಸರಕಾರದ ಬಣ್ಣ ಹಾಳುಮಾಡುವ ಕೆಲಸವಾಗಿ ಕಂಡಿತ್ತು.

"ಆಯಿ, ಒಂದು ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು ಶಿವಕಾಂತಾ. "ಅಕಿ ಯಾವಾಗ ಕಚ್ಚತಾಳ ಗೊತ್ತದ ಏನ್ರಿ? ಭಾಳ ಸಲ ಮಧ್ಯಾಹ್ನ, ತಾಯಂದಿರು ಮಕ್ಕಳನ್ನ ಕರಕೊಂಡು ಹೋಗಾಕ ಬಂದಾಗ. ತಬಸ್ಸುಮನ ತಾಯಿ ಬಾಗಿಲಾಗ ಬಂದು ಕೂಸಿನ್ನ ಎತ್ತಿಗೊಳ್ಳಾಕ ಕೈ ಚಾಚಿದ್ಳು, ಇಕಿ ಕಚ್ಚಿದ್ಳು. ಜಯಮಾಲಾ ಮುಂಜಾನಿ ಹೆಂಗ ಹೋಗ್ತಾಳ್ರಿ?"

ರೇವಮ್ಮ ಹೆಮ್ಮೆಯಿಂದ ಕಾಗೆ, ಅಳಿಲಿನ ಉಪಾಯ ಹೇಳಿದಳು. ಶಿವಕಾಂತಾ ಹಣೆ ಉಜ್ಜಿಕೊಂಡಳು.

"ಹೇಳಿ ಹೋಗಬೇಕ್ರಿ ಆಯಿ. ಅವ್ವ ಕೆಲಸಕ್ಕ ಹೊಂಟಾಳ, ಸಂಜಿಗೆ ಬರ್ತಾಳ ಅಂತ ಖರೆ ಹೇಳ್ರಿ. ಬಸ್ಸಿನ ಹಂತ್ಯಾಕ ಕರಕೊಂಡು ಹೋಗ್ರಿ."

"ಅಳ್ತದಲ್ಲ ಬೇ!"

"ಅಳಲ್ರಿ. ನೀವು ಹಂತ್ಯಾಕ ಕುಂಡ್ರಿ. ದುಃಖ ಆಗ್ಯಾದೇನವ್ವ ಅಂತ ಕೇಳ್ರಿ."

"ಕೇಳೋದ್ಯಾಕ? ಅಳಾಕತ್ತದಲ್ಲ, ಕಣ್ಣು ಕಾಣಂಗಿಲ್ಲೇನ?"

"ಅದಕ್ಕ ಗೊತ್ತಾಗ್ಬೇಕಲ್ರಿ, ಏನಾಗಾಕತ್ತದಂತ. ಮತ್ತ ಇನ್ನೊಂದು. ಆ ಹೊಸ್ತಿಲಕ್ಕ ಹೊಡಿಯೋದು ಬಿಟ್ಟುಬಿಡ್ರಿ. ನೋವಾದಾಗ ಹೊಡೀಬೇಕು ಅಂತ ನೀವೇ ಕಲಿಸಾಕತ್ತೀರಿ."

ಎಲ್ಲ ಬಿಟ್ಟು ಹೊಸ್ತಿಲಿಗೇ ಬಂದಳಲ್ಲ ಎಂದು ರೇವಮ್ಮನಿಗೆ ಉರಿಯಿತು. ಈ ಹುಡುಗಿ ಚಡ್ಡಿ ಹಾಕಿಕೊಳ್ಳದೆ ಓಣಿಯಲ್ಲಿ ಓಡಾಡುತ್ತಿದ್ದಾಗ ರೇವಮ್ಮ ಎರಡು ಬಾಣಂತನ ಮುಗಿಸಿದ್ದಳು. ಆದರೆ ಸೋಮವಾರ ಬಾಗಿಲಲ್ಲಿ ನಿಂತಿತ್ತು. ಗರಜು ತನ್ನದು. ಮರುದಿನ ಕೂಸಿನ ಕೈ ಹಿಡಿದುಕೊಂಡು ಜಯಮಾಲಾಳ ಹಿಂದೆಯೇ ಬಸ್ ನಿಲ್ದಾಣಕ್ಕೆ ನಡೆದಳು.

ಜಯಮಾಲಾ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ನಾ ಕೆಲಸಕ್ಕ ಹೊಂಟೇನವ್ವ, ಸಂಜಿ ಬಸ್ಸಿಗೆ ಬರ್ತೇನಿ" ಎಂದಳು. ಇಷ್ಟು ದಿನ ಅಡಗಿಸಿಟ್ಟ ಅಳುವೆಲ್ಲ ಒಮ್ಮೆಲೇ ಬಂತು. ಐಶ್ವರ್ಯಾ ತಾಯಿಯ ಸೆರಗು ಹಿಡಿದು ರಸ್ತೆಯ ಮೇಲೆಯೇ ಉರುಳಿದಳು. ಬಸ್ಸು ತುಂಬಾ ಪಂಡಿತರು. "ಬಿಸ್ಕೀಟ್ ಕೊಡ್ರಿ!" ಎಂದು ಒಂದು ಕಿಟಕಿ. "ಪೊಲೀಸ ಬಂದ ಅನ್ರಿ!" ಎಂದು ಇನ್ನೊಂದು. "ಕಾಗಿ ತೋರಸ್ರಿ ಕಾಗಿ!" ಎಂದು ಹಿಂದಿನ ಸೀಟಿನ ಒಬ್ಬ ಮುದುಕ. ಕಂಡಕ್ಟರ್ ಮಾಳಿಂಗ ಬಾಗಿಲಲ್ಲಿ ಜೋತುಬಿದ್ದು ಸೀಟಿ ಊದಿದ. ಸೆರಗು ಬಿಡಿಸಿಕೊಂಡು, ಕಣ್ಣು ಒರೆಸಿಕೊಳ್ಳುತ್ತ ಜಯಮಾಲಾ ಬಸ್ಸು ಹತ್ತಿದಳು.

ರೇವಮ್ಮನಿಗೆ ಟೀಚರ್ ಹೇಳಿದ್ದೆಲ್ಲ ಬಾಯಿಪಾಠವಾಗಿತ್ತು. ದುಃಖವಾಗಿದೆಯೇ ಎಂದು ಕೇಳಬೇಕು, ಪಕ್ಕದಲ್ಲಿ ಕೂರಬೇಕು. ಆದರೆ ಕೂಸಿನ ಆ ಕೂಗಿಗೆ ಆಕೆಯ ಬುದ್ಧಿ ನಿಂತುಹೋಯಿತು. ಜೀವಮಾನದ ಅಭ್ಯಾಸ ಕೈಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದೆ ಹೋಗಿ, ಬಸ್ಸಿನ ಹೊಟ್ಟೆಗೆ ಧಡ್ ಧಡ್ ಎಂದು ಬಡಿಯತೊಡಗಿದಳು.

"ನಮ್ಮ ಕೂಸಿನ ಅವ್ವನ್ನ ಒಯ್ಯತೀಯೇನ ಲೇ? ತಗೋ! ಇನ್ನೊಂದು ತಗೋ!"

ಯಾರೋ ಬಡಿದದ್ದು ಕೇಳಿ ಡ್ರೈವರ್ ಇನ್ನೂ ಮಂದಿ ಹತ್ತುವುದಿದೆಯೆಂದು ಹೊರಟಿದ್ದ ಬಸ್ಸು ನಿಲ್ಲಿಸಿದ. ಮಾಳಿಂಗ ಇಳಿದು ಬಂದ.

"ಏನ್ ಯಮ್ಮಾ, ಸರಕಾರಿ ಬಸ್ಸಿಗೆ ಹೊಡಿಯಾಕತ್ತೀರಲ್ಲ, ಅದೇನ್ ಮಾಡ್ಯಾದ್ರಿ ನಿಮಗ?"

ಬಸ್ಸು ತುಂಬಾ ನಗೆ. ಕಿಟಕಿಯಲ್ಲಿ ಜಯಮಾಲಾ ಮುಖ ಮುಚ್ಚಿಕೊಂಡಳು. ರೇವಮ್ಮನ ಅಂಗೈ ಉರಿಯುತ್ತಿತ್ತು, ಮುಖ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಬಸ್ಸು ಹೋಯಿತು. ಇನ್ನೇನೂ ಉಪಾಯವಿಲ್ಲದೆ ಆಕೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಕ್ಕರಿಸಿ, ಕೂಸನ್ನು ಎಳೆದು ತೊಡೆಗೆ ಆನಿಸಿಕೊಂಡು, ನಾಚಿಕೆಯಿಂದ ಅತ್ತಿತ್ತ ನೋಡಿ, ಯಾರಿಗೂ ಕೇಳದ ಹಾಗೆ ಹೇಳಿದಳು.

"ದುಃಖ ಆಗ್ಯಾದೇನವ್ವ?"

"ಹ್ಞೂಂ" ಎಂದಳು ಐಶ್ವರ್ಯಾ. ಇನ್ನಷ್ಟು ಅತ್ತಳು. ಆಮೇಲೆ ಮೂಗು ಏರಿಸಿಕೊಂಡು, "ಸಂಜಿಗೆ ಬರ್ತಾಳ?" ಎಂದಳು.

"ಬರ್ತಾಳ."

ಅಷ್ಟೇ. ಕೂಸು ಎದ್ದು ಅಂಗನವಾಡಿಯ ಕಡೆಗೆ ನಡೆಯಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ದಿನ ಎಷ್ಟು ಕಾಗೆಗಳನ್ನು ತೋರಿಸಿದೆನಲ್ಲ ಎಂದು ರೇವಮ್ಮನಿಗೆ ಕಸಿವಿಸಿಯಾಯಿತು. ಟೀಚರ್ ಮೇಲಿನ ಸಿಟ್ಟೂ ಸ್ವಲ್ಪ ಹೆಚ್ಚಾಯಿತು. ಬೇರೆಯವರು ಹೇಳಿದ್ದು ಸರಿಯಾದಾಗ ಆಗುವ ಸಿಟ್ಟು ಅದು.

ಆದರೆ ಈ ವಿದ್ಯೆಗೆ ಇನ್ನೊಂದು ಮುಖವಿತ್ತು. ಬಾಯಿ ಬಂದ ಕೂಸು ತನ್ನ ಒಳಗಿನದನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ, ಮನೆಯವರೆಲ್ಲರ ಒಳಗಿನದನ್ನೂ ಹೇಳತೊಡಗಿತು. ಶನಿವಾರ ಊಟವಾದ ಮೇಲೆ ಓಣಿಯ ಬೀರಲಿಂಗಪ್ಪ ಬಂದು ಪಡಸಾಲೆಯಲ್ಲಿ ಕುಳಿತ. ಅವನು ಕುಳಿತರೆ ಕಟ್ಟೆಗೆ ಬೇರು ಬಿಡುವ ಮನುಷ್ಯ. ತನ್ನ ಬೋರ್‌ವೆಲ್ಲಿನ ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ. ಬಸವಂತರಾಯ "ಹೌದ್ರಿ, ಖರೆ ಅದ್ರಿ" ಎನ್ನುತ್ತ ತೂಕಡಿಸುತ್ತಿದ್ದ. ಐಶ್ವರ್ಯಾ ಅಜ್ಜನ ಮುಂದೆ ಬಂದು ನಿಂತು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷಿಸಿದಳು.

"ಮುತ್ಯಾಗ ಬ್ಯಾಸರಾಗ್ಯಾದ" ಎಂದು ಬೀರಲಿಂಗಪ್ಪನಿಗೆ ತಿಳಿಸಿದಳು. "ನೀ ಮಾತಾಡಾಕತ್ತೀದಿ, ಅದಕ್ಕ."

ಬೀರಲಿಂಗಪ್ಪ ಟೊಪ್ಪಿಗೆ ತಲೆಗಿಟ್ಟುಕೊಂಡು ಎದ್ದ. ರೇವಮ್ಮ ಒಳಗಿನಿಂದ ಓಡಿ ಬಂದು, ಕೂಸಿನ ಬೆನ್ನಿಗೆ ಕೈ ಎತ್ತಿ, ಅವನು "ಇರ್ಲಿ ಬಿಡ್ರಿ" ಎನ್ನುವುದನ್ನು ಕಾದಳು. ಅವನು ಹಿಂತಿರುಗಿ ನೋಡದೆ ಹೋದ. ಬಸವಂತರಾಯ ಒಂದು ಗಳಿಗೆ ಗುಡುಗಿದ, ಆಮೇಲೆ ಬಾಗಿಲ ಕಡೆ ನೋಡಿಕೊಂಡು ಅಂಗಿಯ ಕಿಸೆಯಿಂದ ಒಂದು ಪೆಪ್ಪರಮಿಂಟು ತೆಗೆದು ಮೊಮ್ಮಗಳ ಕೈಗೆ ಇಟ್ಟ.

ರೇವಮ್ಮನಿಗೆ ನಗು ಬರಲಿಲ್ಲ. ಸೋಮವಾರದ ಸಭೆಯಲ್ಲಿ ಈ ಕೂಸು ಏನು ಒದರುತ್ತದೆಯೋ ಎಂಬ ಚಿಂತೆ. ಬಹಳ ವಿಚಾರ ಮಾಡಿ ಆಕೆ ಹಳೆಯ ದಾರಿಯನ್ನೇ ಹಿಡಿಯಲು ನಿಶ್ಚಯಿಸಿದಳು. ಅಜೀಜಾ ಒಬ್ಬಳು ಕಲ್ಲಾಗಿರಬಹುದು, ಸಭೆಯಲ್ಲಿ ಅಷ್ಟು ಹೆಂಗಸರಿರುತ್ತಾರೆ. ತಾನು ಎಲ್ಲರ ಮುಂದೆ ಕೈ ಎತ್ತಿದರೆ ಯಾರಾದರೂ ಒಬ್ಬರು ಎದ್ದು ಬಂದು ಹಿಡಿದೇ ಹಿಡಿಯುತ್ತಾರೆ. ಹಿಡಿದರೆ ಮಾತು ಮುಗಿಯಿತು.

ಸೋಮವಾರ ಅಂಗನವಾಡಿಯ ಕೋಣೆ ಹೆಂಗಸರಿಂದ ತುಂಬಿತ್ತು. ಮಕ್ಕಳು ಒಂದು ಮೂಲೆಯಲ್ಲಿ ಕಡಲೆ ಬೇಯಿಸಿದ್ದನ್ನು ತಿನ್ನುತ್ತಿದ್ದವು. ಅಜೀಜಾಬಿ ತಬಸ್ಸುಮಳ ತೋಳನ್ನು ಎತ್ತಿ ತೋರಿಸಿದಳು. ಊತ ಇಳಿದಿತ್ತು, ಕಲೆ ಇನ್ನೂ ಹೋಗಿರಲಿಲ್ಲ.

"ನಾ ಜಗಳಕ್ಕ ಬಂದಿಲ್ಲ. ರೇವಕ್ಕ ನನಗ ಅಕ್ಕನಕಿಂತ ಹೆಚ್ಚು. ಆದ್ರ ಈ ಕೂಸು ರಾತ್ರಿ ಎದ್ದು ಕುಂತು ತೋಳು ಮುಚ್ಚಿಕೊಳ್ತದ. ನಾ ಏನ್ ಮಾಡ್ಲಿ, ನೀವೇ ಹೇಳ್ರಿ" ಎಂದಳು.

ಶಿವಕಾಂತಾ ಬಾಯಿ ತೆರೆಯುವಷ್ಟರಲ್ಲಿ ರೇವಮ್ಮ ಎದ್ದಳು. ಐಶ್ವರ್ಯಾಳನ್ನು ಮೂಲೆಯಿಂದ ಎಳೆದು ತಂದು ಎಲ್ಲರ ನಡುವೆ ನಿಲ್ಲಿಸಿದಳು. ಕೈ ಎತ್ತಿದಳು.

"ಇನ್ನ ಕಚ್ಚತೀಯೇನ? ಹೇಳು! ಹಲ್ಲೆಲ್ಲ ಉದುರಿಸಿ ಕೈಯಾಗ ಕೊಡ್ತೇನಿ!"

ಒಳ್ಳೆಯ ಧ್ವನಿ. ಗೋಡೆಯ ಚಿತ್ರಗಳೂ ಬೆಚ್ಚಿದವು ಎನ್ನಬೇಕು. ರೇವಮ್ಮ ಓರೆಗಣ್ಣಿನಿಂದ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾರೂ ಏಳಲಿಲ್ಲ. ಅಜೀಜಾಬಿ ಏಳುತ್ತಾಳೆಂದು ಉಳಿದವರು, ಉಳಿದವರು ಏಳುತ್ತಾರೆಂದು ಅಜೀಜಾಬಿ. ಎತ್ತಿದ ಕೈ ಹಾಗೆಯೇ ನಿಂತಿತು. ಇಳಿಸಿದರೆ ಮಾನ ಹೋಗುತ್ತದೆ, ಹೊಡೆದರೆ ಜೀವ ಹೋಗುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು.

ಐಶ್ವರ್ಯಾ ಆ ಕೈಯನ್ನು ನೋಡಿದಳು. ಆಮೇಲೆ ಅಜ್ಜಿಯ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಆಯಿ, ನಿನಗ ಸಿಟ್ಟು ಬಂದಿಲ್ಲ" ಎಂದಳು. "ನಿನಗ ಅಂಜಿಕಿ ಬಂದದ."

ಹಿಂದೆ ಯಾರೋ ಕಿಸಕ್ಕೆಂದರು. ಕೂಸಿಗೆ ಅದರ ಪರಿವೆಯಿಲ್ಲ. ಟೀಚರ್ ಕೇಳುವ ಹಾಗೆಯೇ ತಲೆ ಓರೆ ಮಾಡಿ, "ಯಾಕ ಅಂಜಾಕತ್ತೀದಿ?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ರೇವಮ್ಮನಿಗೆ ಹುಟ್ಟಿದಾಗಿನಿಂದ ಒಬ್ಬರೂ ಕೇಳಿರಲಿಲ್ಲ. ತವರೂರು ಕಿಣ್ಣಿ ಸುಲ್ತಾನದಲ್ಲಿ ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ, ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದಳು. ಬೇರೆಯೇ ಮಾತು ಬಂತು.

"ಹೌದವ್ವ, ಅಂಜೇನಿ. ನಿನ್ನನ್ನ ಇಲ್ಲಿಂದ ತೆಗೆದ್ರ ನಿಮ್ಮವ್ವನ ನೌಕರಿ ಹೋಗ್ತದ. ನನಗ ಹದಿಮೂರನೇ ವರ್ಷಕ್ಕ ಸಾಲಿ ಬಿಡಿಸಿ ಲಗ್ನ ಮಾಡಿದ್ರು. ಅವತ್ತ ಯಾರರೇ ಒಬ್ಬರು ನನ್ನ ಕಡೀಂದ ಹಟ ಹಿಡೀಲಿಲ್ಲ. ಜಯಮಾಲಾನ ಕಡೀಂದ ನಾ ಹಿಡದೇನಿ. ಅದೂ ಕೈಬಿಟ್ಟು ಹೋಗ್ತದಂತ ಅಂಜೇನಿ."

ಕಿಸಕ್ಕೆಂದವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಶಿವಕಾಂತಾ ಗೋಡೆಯ ನಾಲ್ಕು ಮುಖಗಳ ಕಡೆಗೊಮ್ಮೆ ನೋಡಿದಳು. ಅವಳ ತರಬೇತಿಯಲ್ಲಿ ಅಜ್ಜಿಯಂದಿರ ಪಾಠ ಇರಲಿಲ್ಲ.

ಐಶ್ವರ್ಯಾ ಸಮಾಧಾನದಿಂದ ತಲೆಯಾಡಿಸಿ, ತಬಸ್ಸುಮಳ ಹತ್ತಿರ ಹೋದಳು. ಈಗ 'ಸಾರಿ' ಅನ್ನುತ್ತಾಳೆಂದು ಎಲ್ಲ ಹೆಂಗಸರೂ ಕಾದರು. ಅವಳು ಅನ್ನಲಿಲ್ಲ. ತೋಳಿನ ಕಲೆಯನ್ನು ಬಗ್ಗಿ ನೋಡಿದಳು.

"ನೋವಾತೇನ?"

"ಹ್ಞೂಂ" ಎಂದಳು ತಬಸ್ಸುಮ. "ಭಾಳ."

"ನಿಮ್ಮ ಅಮ್ಮಿ ಮಧ್ಯಾಹ್ನ ಬರ್ತಾಳ. ನಮ್ಮವ್ವ ಬರಂಗಿಲ್ಲ. ನನಗ ದುಃಖ ಆಗ್ತದ."

ತಬಸ್ಸುಮ ಬಾಯಲ್ಲಿದ್ದ ಕಡಲೆ ಅಗಿಯುತ್ತ ಯೋಚಿಸಿದಳು. ಪಂಚಾಯಿತಿಯ ಹಿರಿಯರೂ ಅಷ್ಟು ಗಂಭೀರವಾಗಿ ಯೋಚಿಸುವುದಿಲ್ಲ.

"ನಮ್ಮ ಅಮ್ಮಿ ಬಂದಾಗ ನೀನೂ ಬಾ" ಎಂದಳು. "ನಿನ್ನನೂ ಎತ್ಕೋತಾಳ. ಕಚ್ಚಬ್ಯಾಡ ಮತ್ತ."

ಆಗ ಅಜೀಜಾಬಿ ಮೊಣಕಾಲು ಹಿಡಿದುಕೊಂಡು ಎದ್ದಳು. ರೇವಮ್ಮನ ಹತ್ತಿರ ಬಂದು ನೋಡಿದರೆ, ಆಕೆಯ ಕೈ ಇನ್ನೂ ಮೇಲೆಯೇ ಇತ್ತು. ಇಳಿಸುವುದನ್ನೇ ಮರೆತಿದ್ದಳು. ಅಜೀಜಾಬಿ ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ನೀ ಇದನ್ನ ಮೊದಲೇ ಹೇಳಿದ್ರ ನಾ ಇಲ್ಲಿತನ ಬರ್ತಿರಲಿಲ್ಲಲ್ಲ ರೇವಕ್ಕ. ಇಷ್ಟು ವರ್ಷ ಆತು, ನೀ ಸಾಲಿ ಬಿಟ್ಟಿದ್ದಕ್ಕ ಅತ್ತೀದಿ ಅಂತ ನನಗೇ ಗೊತ್ತಿಲ್ಲ!"

"ಅತ್ತಿಲ್ಲ ಅಜೀಜಾ" ಎಂದಳು ರೇವಮ್ಮ. ಅಂದವಳು ಅಲ್ಲಿಯೇ ಚಾಪೆಯ ಮೇಲೆ ಕುಳಿತು, ಅಷ್ಟು ಹೆಂಗಸರ ಮುಂದೆ ಗೊಳೋ ಎಂದು ಅತ್ತುಬಿಟ್ಟಳು. ಅಜೀಜಾಬಿಯೂ ಕುಳಿತಳು. ಅಳಬೇಡವೆಂದು ಯಾರೂ ಅನ್ನಲಿಲ್ಲ. ಬಿಸ್ಕೀಟು ತರಿಸುವ ಮಾತು ಮಾತ್ರ ಬಂತು, ಅದು ಹೆಂಗಸರಿಗೇ.

ಎರಡೂ ಮಕ್ಕಳು ಅಲ್ಲಿಯೇ ಇರಲಿ ಎಂದು ಅಜೀಜಾಬಿ ತಾನೇ ಎಲ್ಲರಿಗೂ ಹೇಳಿದಳು. ಸಭೆ ಮುಗಿಯುವುದಕ್ಕೂ ಮಧ್ಯಾಹ್ನವಾಗುವುದಕ್ಕೂ ಸರಿಹೋಯಿತು. ಹೊಲದಿಂದ ಬಂದ ತಬಸ್ಸುಮಳ ತಾಯಿ ಬಾಗಿಲಲ್ಲಿ ನಿಂತಳು. ಒಳಗೆ ನಡೆದದ್ದು ಆಕೆಗೆ ಒಂದೂ ತಿಳಿಯದು. ಮಗಳಿಗೆಂದು ಕೈ ಚಾಚಿದರೆ ಎರಡು ಕೂಸುಗಳು ಓಡಿ ಬಂದು ಕಾಲಿಗೆ ತಗುಲಿಕೊಂಡವು. ಆಕೆ ಗಾಬರಿಯಿಂದ ಅತ್ತೆಯ ಕಡೆ ನೋಡಿ, ಒಂದನ್ನು ಈ ಕಂಕುಳಿಗೆ, ಇನ್ನೊಂದನ್ನು ಆ ಕಂಕುಳಿಗೆ ಏರಿಸಿಕೊಂಡಳು. ಐಶ್ವರ್ಯಾ ಆಕೆಯ ಹೆಗಲಿಗೆ ಗಲ್ಲ ಆನಿಸಿ ಕಣ್ಣು ಮುಚ್ಚಿದಳು. ಬಾಯಿಯೂ ಮುಚ್ಚಿಯೇ ಇತ್ತು.

ರೇವಮ್ಮ ಬಾಗಿಲ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಸಂತೋಷಪಡಬೇಕಾದ ಹೊತ್ತು. ಆದರೆ ತನ್ನ ಕೂಸು ಬೇರೆಯವಳ ಹೆಗಲ ಮೇಲೆ ಅಷ್ಟು ನಿಶ್ಚಿಂತೆಯಿಂದ ಒರಗಿದ್ದು ಕಂಡು ಎದೆಯಲ್ಲಿ ಏನೋ ಚುರ್ ಎಂದಿತು. ಸುಮ್ಮನಿರಲು ನೋಡಿದಳು, ಆಗಲಿಲ್ಲ. ಒಮ್ಮೆ ಬಿಚ್ಚಿದ ಬಾಯಿ.

"ಅಜೀಜಾ" ಎಂದು ಪಿಸುಗುಟ್ಟಿದಳು, "ನನಗ ಹೊಟ್ಟಿಕಿಚ್ಚು ಬಂದದ."

"ಬಂದ್ರ ಬರ್ಲಿ" ಎಂದಳು ಅಜೀಜಾಬಿ. "ಕಚ್ಚಬ್ಯಾಡ."